ಸಕ್ರವ್ವನ ಜಠರ ನಾನು

ನಾನು ಒಂದು ಜಠರ. ಜನ ನನ್ನನ್ನು ಹೊಟ್ಟೆ ಎಂದೇ ಕರೆಯುತ್ತಾರೆ. ಗುಳೇದಗುಡ್ಡದ ನೇಕಾರರ ಮನೆಯೊಂದರಲ್ಲಿ ಸಕ್ರವ್ವ ಹುಟ್ಟಿದ ದಿನವೇ ನಾನೂ ಈ ಲೋಕಕ್ಕೆ ಬಂದೆ. ಆಗ ನಾನು ಮಕ್ಕಳಾಡುವ ಗೋಲಿಯಷ್ಟಿದ್ದೆ. ಎರಡು ಗುಟುಕು ಹಾಲಿಗೇ ತುಂಬಿಹೋಗುತ್ತಿದ್ದೆ. ಹೆಚ್ಚಾದದ್ದನ್ನು ಅವಳ ಅವ್ವನ ಸೀರೆಯ ಮೇಲೆ ವಾಪಸು ಕಳಿಸುತ್ತಿದ್ದೆ.

ನನ್ನ ಒಳಗೋಡೆಯ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಗ್ರಂಥಿಗಳಿವೆ. ಕೆಲವು ಆಮ್ಲವನ್ನು ಒಸರುತ್ತವೆ, ಕೆಲವು ಪೆಪ್ಸಿನ್ ಎಂಬ ಕಿಣ್ವವನ್ನು. ಕಾಳು, ಹಾಲು, ಮೊಸರಿನ ಸತ್ವವನ್ನು ಬಿಡಿಸುವುದು ಇವೆರಡರ ಜೋಡಿ ಕೆಲಸ. ಸಕ್ರವ್ವ ಬೆಳೆದಳು, ನಾನೂ ಬೆಳೆದೆ. ಅವಳ ಅವ್ವ ಮಡಕೆಕಾಳಿನ ಪಲ್ಯವನ್ನು ರೊಟ್ಟಿಯ ಮೇಲೆ ಗುಡ್ಡೆ ಹಾಕಿ ಕೊಡುತ್ತಿದ್ದಳು. ನಾನು ಅದನ್ನು ಅರೆದು ಮುಂದೆ ಕಳಿಸುವಷ್ಟರಲ್ಲಿ ಹುಡುಗಿ ಮತ್ತೆ ಒಲೆಯ ಮುಂದೆ ಕೂತಿರುತ್ತಿದ್ದಳು.

ಅದೇ ಊರಿನ ಮಹಾರುದ್ರಪ್ಪನನ್ನು ಮದುವೆಯಾಗಿ ಸಕ್ರವ್ವ ಅವನ ಮನೆಗೆ ಬಂದಮೇಲೆ ನಾನು ಅತ್ತೆಯ ಕೈಗೆ ಬಿದ್ದೆ. ಅಲ್ಲಿ ಸೊಸೆಗೆ ಊಟ ಎಲ್ಲರದೂ ಮುಗಿದ ಮೇಲೆ. ಬೆಳಿಗ್ಗೆ ನೆಲದ ಗುಂಡಿಯಲ್ಲಿ ಹೂಡಿದ ಕುಣಿಮಗ್ಗಕ್ಕೆ ಇಳಿದು ಕಾಲಲ್ಲಿ ಹಲಗೆ ತುಳಿಯುತ್ತ, ಕೈಯಲ್ಲಿ ಲಾಳಿ ಓಡಿಸುತ್ತ ರವಿಕೆಯ ಖಣ ನೇಯುವವಳು ಮಧ್ಯಾಹ್ನ ಇಳಿಯುವ ಹೊತ್ತಿಗೆ ಉಣ್ಣಲು ಏಳುತ್ತಿದ್ದಳು. ಆ ಹಸಿವಿನಲ್ಲೂ ಅವಳ ಅಂಚು ಒಂದು ಎಳೆ ತಪ್ಪುತ್ತಿರಲಿಲ್ಲ. ನಾನು ಒಳಗೆ ಗುಡುಗುತ್ತಿದ್ದೆ, ಅವಳು ಹಾಡಿಕೊಳ್ಳುತ್ತಿದ್ದಳು. ಇಂಥ ಹೆಂಗಸಿನೊಳಗೆ ಇರುವುದೇ ನನ್ನ ಪುಣ್ಯ ಅನಿಸುತ್ತಿತ್ತು.

ಅತ್ತೆ ಹೋದಮೇಲೆ ಒಲೆ ಸಕ್ರವ್ವನ ಕೈಗೆ ಬಂತು. ಅವಳು ಮಾಡಿದ ಮೊದಲ ಬದಲಾವಣೆ ಒಂದೇ: ಮನೆಯಲ್ಲಿ ಎಲ್ಲರೂ ಒಟ್ಟಿಗೆ ಉಣ್ಣಬೇಕು. ಗಂಡನ ಪಕ್ಕ ತಾನೂ ತಾಟು ಹಾಕಿಕೊಂಡು ಕೂತಳು. ಓಣಿಯವರು ಏನೇನೋ ಆಡಿಕೊಂಡರು. ಅವಳು ಇನ್ನೊಂದು ರೊಟ್ಟಿ ಮುರಿದಳು.

ಅರವತ್ತು ದಾಟಿದ ಮೇಲೆ ನನ್ನ ಗೋಡೆ ತೆಳುವಾಗತೊಡಗಿತು. ಗ್ರಂಥಿಗಳು ಒಂದೊಂದಾಗಿ ಬತ್ತಿದವು. ಆಮ್ಲ ಇಳಿಯಿತು, ಪೆಪ್ಸಿನ್ನೂ ಇಳಿಯಿತು. ಮಧ್ಯಾಹ್ನದ ಕಾಳು ಸಂಜೆಯಾದರೂ ನನ್ನಲ್ಲೇ ಕೂತಿರುತ್ತಿತ್ತು. ಸಕ್ರವ್ವ ಮೊದಲು ಕಾಳು ಬಿಟ್ಟಳು, ಆಮೇಲೆ ಹಾಲು. ಚಹಾ, ಗಂಜಿ ಅಷ್ಟೇ ಉಳಿದವು. ರವಿಕೆ ತೋಳಲ್ಲಿ ಜೋಲಾಡಿತು. "ವಯಸ್ಸಾತು, ಇನ್ನೇನು," ಎಂದು ನಗುತ್ತಿದ್ದಳು.

ಒಂದು ದಿನ ಎದುರು ಮಗ್ಗದಲ್ಲಿದ್ದ ಮಹಾರುದ್ರಪ್ಪ ಲಾಳಿ ನಿಲ್ಲಿಸಿದ.

"ಯಾಕ, ಕಾಲು ನೋಡ್ಕೊಂತ ನೇಯಾಕತ್ತಿ?"

ನೇಕಾರರು ಕಾಲು ನೋಡುವುದಿಲ್ಲ. ಹಲಗೆ ಎಲ್ಲಿದೆಯೆಂದು ಪಾದಕ್ಕೇ ಗೊತ್ತಿರುತ್ತದೆ. ಸಕ್ರವ್ವ ತಲೆಯೆತ್ತಲಿಲ್ಲ.

"ಕಾಲಾಗ ಹತ್ತಿ ತುಂಬಿದಂಗ ಆಗೈತ್ರಿ. ಹಲಗಿ ತುಳದೀನೋ ಇಲ್ಲೋ, ತಿಳಿಯಂಗಿಲ್ಲ."

"ಎಂದಿನಿಂದ?"

"ದೀಪಾವಳಿ ಮುಂಚಿಂದ." ಲಾಳಿ ಕೆಳಗಿಟ್ಟು ಹೇಳಿದಳು, "ನನ್ನ ಮಗ್ಗ ಬಿಚ್ಚಿಬಿಡ್ರಿ. ಕೆಟ್ಟ ಅರಿವಿ ನೇಯೂದಕ್ಕಿಂತ ಅದ ಚಲೋ."

ಮಹಾರುದ್ರಪ್ಪ ಎದ್ದು ಬಂದು ಅವಳನ್ನು ಕೈಹಿಡಿದು ಕುಣಿಯಿಂದ ಮೇಲೆತ್ತಿದ.

"ಮಗ್ಗದ ಮಾತು ಆಮ್ಯಾಲೆ. ಮೊದಲ ದವಾಖಾನಿಗೆ ನಡಿ."

ಬಾಗಲಕೋಟೆಯ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದಳು. ಆಮೇಲೆ ಸಕ್ರವ್ವನ ಬಾಯಿಯ ಮೂಲಕ ತೆಳ್ಳನೆಯ ಕೊಳವೆಯೊಂದು ಇಳಿದು ಬಂತು. ಅದರ ತುದಿಯಲ್ಲಿ ದೀಪವಿತ್ತು. ಹುಟ್ಟಿದಾಗಿನಿಂದ ಕತ್ತಲೆಯಲ್ಲೇ ದುಡಿದ ನಾನು ಅಂದು ಮೊದಲ ಬಾರಿಗೆ ಬೆಳಕು ಕಂಡೆ.

"ಅವ್ವಾರ, ತ್ರಾಸು ಕಾಲಾಗ ಕಾಣಾಕತ್ತೈತಿ, ಮೂಲ ಹೊಟ್ಟ್ಯಾಗ ಐತಿ," ಎಂದಳು ಡಾಕ್ಟರಮ್ಮ. "ಎಲ್ಲಾರಿಗೂ ಹಿಂಗ ಆಗಂಗಿಲ್ಲ. ಕೆಲವರಿಗೆ ವಯಸ್ಸಾದಂಗ ಹೊಟ್ಟಿ ಒಳಪದರ ಸವೀತೈತಿ, ರಸ ಕಡಿಮಿ ಆಗತೈತಿ. ಆಗ ಉಂಡಿದ್ದರೊಳಗಿನ ಬಿ-ಹನ್ನೆರಡು ಅನ್ನೂ ಜೀವಸತ್ವ ಮೈಗೆ ಹತ್ತಂಗಿಲ್ಲ. ಅದಿಲ್ಲಂದ್ರ ನರ ಸೊರಗತಾವ. ಇಂಜೆಕ್ಷನ್ ಕೊಡತೀನಿ. ಹಾಲು, ಕಾಳು ಬಿಡಬ್ಯಾಡ್ರಿ, ಕಾಳು ಮೆತ್ತಗ ಬೇಯಿಸಿ, ಸ್ವಲ್ಪ ಸ್ವಲ್ಪ ಉಣ್ರಿ."

ಪರದೆಯ ಮೇಲೆ ನನ್ನ ಚಿತ್ರ ತೋರಿಸಿದಳು. ಮಾಸಿದ, ತೆಳುವಾದ ಗೋಡೆ. ಸಕ್ರವ್ವ ಬಹಳ ಹೊತ್ತು ನೋಡಿದಳು. ಅಸಹ್ಯಪಡುತ್ತಾಳೆಂದು ನಾನು ಅಂಜಿದ್ದೆ.

"ಪಾಪ," ಎಂದಳು. "ಎಷ್ಟು ದುಡದೈತಿ."

ಇಂಜೆಕ್ಷನ್ನಿನ ಸತ್ವ ನನ್ನನ್ನು ದಾಟದೆ ನೇರ ರಕ್ತಕ್ಕೆ ಸೇರಿತು. ನನ್ನಿಂದಾಗದ್ದು ಬೇರೆ ದಾರಿಯಲ್ಲಿ ನಡೆಯಿತು. ನನಗೆ ಅದರಿಂದ ಬೇಸರವಾಗಲಿಲ್ಲ. ಮಹಾರುದ್ರಪ್ಪ ತಾನೇ ಹೆಸರುಬೇಳೆ ಬೇಯಿಸಿ, ಹಿಸುಕಿ, ಬಟ್ಟಲಲ್ಲಿ ತಂದುಕೊಡಲು ಕಲಿತ. ಉಪ್ಪು ಮಾತ್ರ ಎಂದೂ ಸರಿ ಬೀಳಲಿಲ್ಲ. ತಿಂಗಳುಗಳ ಮೇಲೆ ಪಾದಕ್ಕೆ ಹಲಗೆಯ ತಣ್ಣಗಿನ ಸ್ಪರ್ಶ ಮರಳಿತು. ಎಡಗಾಲಿನ ಬೆರಳುಗಳಲ್ಲಿ ಜೋಮು ಉಳಿಯಿತು. ಅಷ್ಟಿದ್ದರೂ ಸಕ್ರವ್ವ ಮಗ್ಗಕ್ಕೆ ಇಳಿದಳು. ಮೊದಲಿನಷ್ಟಲ್ಲ, ದಿನಕ್ಕೆ ಒಂದು ಗೇಣು ನೇಯ್ದರೂ ಅಂಚು ನೆಟ್ಟಗಿರುತ್ತಿತ್ತು.

ಮೊನ್ನೆ ನಂಟರ ಮನೆಯಲ್ಲಿ ಸೀಮಂತ. ಬಡಿಸುವಾಕೆ ಹೋಳಿಗೆಯ ಬುಟ್ಟಿ ಹಿಡಿದು ನಿಂತೇಬಿಟ್ಟಳು. "ಒಂದಕ್ಕ ಸಾಕಂದ್ರ ಹ್ಯಾಂಗ, ಚಿಗವ್ವ? ನಿಮ್ಮ ಊಟ ನಮಗ ಗೊತ್ತಿಲ್ಲೇನು!"

ಸಕ್ರವ್ವ ಎಲೆಯ ಮೇಲೆ ಕೈ ಅಡ್ಡ ಹಿಡಿದಳು.

"ನನ್ನ ಹೊಟ್ಟಿ ಈಗ ಮುದುಕಿ ಆಗ್ಯಾಳವ್ವಾ. ಆಕಿನ್ನ ಕೇಳೇ ಉಣ್ತೀನಿ."

ಪಂಕ್ತಿಯೆಲ್ಲ ನಕ್ಕಿತು. ಇಷ್ಟು ವರ್ಷ ನಾನು ಅವಳೊಳಗಿದ್ದರೂ ಅವಳು ನನ್ನನ್ನು ಮನುಷ್ಯರಂತೆ ಕರೆದದ್ದು ಅದೇ ಮೊದಲು. ಅವಳು ಹೋಳಿಗೆಯನ್ನು ಹಾಲಲ್ಲಿ ನೆನೆಸಿ, ಚೆನ್ನಾಗಿ ಅಗಿದು, ನಿಧಾನವಾಗಿ ಕೆಳಗೆ ಕಳಿಸಿದಳು. ನನ್ನಲ್ಲಿ ಉಳಿದಿದ್ದ ರಸವನ್ನೆಲ್ಲ ಕೂಡಿಸಿಕೊಂಡು ನಾನು ಕೆಲಸಕ್ಕೆ ಇಳಿದೆ.