ಕಳ್ಳನ ಪಾಲಿನ ಗುಲಾಬಿ

ಇಷ್ಟು ವರ್ಷ ನನ್ನ ಕೈಕೆಲಸವೆಲ್ಲ ಜನರ ಹೊಟ್ಟೆಗೇ ಹೋಗಿದೆ. ಸಕ್ಕರೆ ಹಿಟ್ಟನ್ನು ನಾದಿ, ಕೇಕಿನ ಮೇಲೆ ಹೂವು ಎಲೆ ಬಳ್ಳಿ ಕೂರಿಸುವುದು ನನ್ನ ಕಸುಬು. ಸುಳ್ಳು ವಿನಯ ನನಗೆ ಬರುವುದಿಲ್ಲ. ನನ್ನಷ್ಟು ತೆಳ್ಳಗೆ ಗುಲಾಬಿಯ ಎಸಳು ತೆಗೆಯುವವರು ನಮ್ಮೂರಿನಲ್ಲಿ ಇನ್ನೊಬ್ಬರಿಲ್ಲ. ಆದರೇನು, ಬೇಕರಿಯ ಮಾಲೀಕ ಕೇಕಿನ ಮೇಲೆ ಫೋಟೋ ಅಚ್ಚು ಹಾಕುವ ಮೆಷಿನ್ನು ತಂದು ನಿಲ್ಲಿಸಿದ. "ಇನ್ಮೇಲೆ ಹೂವು ಗೀವು ಯಾರೂ ಕೇಳಲ್ಲಮ್ಮ" ಎಂದ. ನಾನು ಏಪ್ರನ್ ಬಿಚ್ಚಿ ಆ ಮೆಷಿನ್ನಿನ ಮೇಲೇ ಎಸೆದು ಮನೆಗೆ ಬಂದೆ.

ಎಸೆದದ್ದೇನೋ ಸರಿ, ಮುಂದೆ ಕೈ ಕಟ್ಟಿ ಕೂರುವುದು ನನ್ನಿಂದಾಗದು. ಮರುದಿನವೇ ನಮ್ಮ ಬೀದಿಯ ತುದಿಯಲ್ಲಿರುವ ಮನೆಸಾಮಾನಿನ ಅಂಗಡಿಗೆ ಹೋದೆ. ಅದರ ಯಜಮಾನಿ ಯಾರನ್ನೇ ಆದರೂ ಕನ್ನಡಕದ ಮೇಲಿನಿಂದಲೇ ನೋಡುವವಳು.

"ತಿಂದು ಖಾಲಿಯಾಗದೇ ಇರೋದು ಏನಾದ್ರೂ ಮಾಡ್ಕೊಂಡು ಬನ್ನಿ" ಎಂದಳು. "ಅಡುಗೆಮನೇಲಿ ಇಡೋ ಡಬ್ಬಿ ಆದ್ರೂ ಸರಿ. ನಾಳೆ ಮಧ್ಯಾಹ್ನ ನಾನು ಸರಕು ತರೋಕೆ ಬೇರೆ ಊರಿಗೆ ಹೋಗ್ತೀನಿ, ಅಷ್ಟರೊಳಗೆ ತನ್ನಿ. ಹಿಡಿಸಿದ್ರೆ ಬೀದಿ ಕಡೆ ಗಾಜಿನ ಕಪಾಟು ನಿಮಗೆ. ಇಲ್ಲಾಂದ್ರೆ ಮೇಣದಬತ್ತಿ ಮಾಡೋಳೊಬ್ಳು ಆಗ್ಲೇ ಕೇಳಿದ್ದಾಳೆ."

ಮೇಣದಬತ್ತಿಯವಳಿಗೆ ಬಿಟ್ಟುಕೊಡಲು ನನಗೇನು ಹುಚ್ಚೇ?

ಪಾಲಿಮರ್ ಕ್ಲೇ ಎಂಬ ಬಣ್ಣದ ಮಣ್ಣು ತಂದೆ. ಹಿಟ್ಟಿನಂತೆಯೇ ನಾದಬೇಕು, ಹಿಟ್ಟಿನಂತೆಯೇ ಮಾತು ಕೇಳುತ್ತದೆ. ಓವನ್ನಿನ ಹದವಾದ ಬಿಸಿಯಲ್ಲಿಟ್ಟರೆ ಗಟ್ಟಿಯಾಗಿ, ತೊಳೆದರೂ ಹೋಗುವುದಿಲ್ಲ. ಮನೆಯಲ್ಲಿದ್ದ ತಗಡಿನ ಸಕ್ಕರೆ ಡಬ್ಬಿಯನ್ನು ಖಾಲಿ ಮಾಡಿ ಉಜ್ಜಿದೆ. ಮೈಗೆ ಅಂಟು ಸವರಿ ತೆಳುವಾಗಿ ಕೆನೆಬಣ್ಣದ ಕ್ಲೇ ಹೊದಿಸಿದೆ. ಬುಡದಿಂದ ಬಳ್ಳಿ ಹಬ್ಬಿಸಿದೆ. ಮುಚ್ಚಳದ ಮೇಲೆ ಗುಲಾಬಿಗಳ ಗೊಂಚಲು. ಎಸಳಿನ ಅಂಚನ್ನು ಹೆಬ್ಬೆರಳಿನಿಂದ ಒತ್ತುವಾಗ ಬೆರಳಿಗೆ ಹೋದ ಜೀವ ಬಂದಂತಾಯಿತು. ಸಂಜೆ ಅದನ್ನು ಊಟದ ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದೆ. ಬೆಳಿಗ್ಗೆ ಎದ್ದವಳೇ ಹಳೆಯ ಓವನ್ನಿಗೆ ಹಾಕಿದೆ. ಆರಿದ ಮೇಲೆ ಕೈಗೆತ್ತಿಕೊಂಡು ಬೆಳಕಿಗೆ ತಿರುಗಿಸಿದೆ.

ಮುಚ್ಚಳದ ಹಿಂಬದಿಯ ಗುಲಾಬಿ ಅರ್ಧವೇ ಇತ್ತು. ಉಳಿದರ್ಧದ ಜಾಗದಲ್ಲಿ ಹಲ್ಲಿನ ಗುರುತು, ನಡುವೆ ಒಂದು ಸಂದು. ಎದುರಿನ ಎರಡು ಹಲ್ಲುಗಳ ನಡುವೆ ಹಾಗೆ ಬಾಗಿಲು ತೆರೆದಿಟ್ಟುಕೊಂಡವರು ನಮ್ಮ ಮನೆಯಲ್ಲಿ ಒಬ್ಬರೇ.

"ರೀ!"

ನನ್ನ ಗಂಡ ಲಿಫ್ಟ್ ರಿಪೇರಿಯವರು. ಕೆಲಸಕ್ಕೆ ಹೊರಟು ಬೂಟಿನ ಲೇಸು ಕಟ್ಟುತ್ತಿದ್ದವರು ತಲೆ ಎತ್ತಲೇ ಇಲ್ಲ.

"ಬಾಯಲ್ಲಿ ರಬ್ಬರ್ ಅಗಿದ ಹಾಗಾಯ್ತು ಕಣೇ" ಎಂದರು. "ಆಮೇಲೇ ಗೊತ್ತಾಗಿದ್ದು. ಅಂಗಳದಲ್ಲಿ ಉಗಿದೆ."

"ಹೇಳೋಕೇನಾಗಿತ್ತು? ಹಸೀ ಇದ್ದಾಗ ಹೇಳಿದ್ರೆ ಸರಿ ಮಾಡ್ತಿದ್ದೆ. ಈಗ ಕಲ್ಲಾಗಿದೆ. ಮಧ್ಯಾಹ್ನ ಆಯಮ್ಮ ಹೊರಟುಹೋಗ್ತಾಳೆ. ನನ್ನ ಕಪಾಟು ಹೋಯ್ತು, ನಿಮ್ಮ ಬಾಯಿಗೆ ಬೀಗ ಹಾಕ!"

"ನೀನು ಬೈತೀಯ ಅಂತ ಹೇಳ್ಲಿಲ್ಲ." ಆಮೇಲೆ ಮೆಲ್ಲಗೆ, "ಹಿಂದಿನದು ನಂದಲ್ವಾ?" ಎಂದರು.

ಹೌದು, ಅವರದೇ. ಮದುವೆಯಾದ ಹೊಸದರಲ್ಲಿ, ಬೇಕರಿಯ ಕೆಲಸ ಮುಗಿಸಿ ಮನೆಯಲ್ಲೂ ಮಾಡುತ್ತಿದ್ದ ಕೇಕುಗಳಿಂದ ಈ ಮನುಷ್ಯ ಹೂವು ಕದ್ದು ತಿನ್ನುತ್ತಿದ್ದರು. ಕಾಟ ತಡೆಯಲಾರದೆ, ಗಿರಾಕಿಯ ಕಣ್ಣಿಗೆ ಬೀಳದ ಹಿಂಬದಿಯಲ್ಲಿ ಒಂದು ಹೂವು ಹೆಚ್ಚಿಗೆ ಇಡಲು ಶುರು ಮಾಡಿದೆ. ಕಳ್ಳನ ಪಾಲು. ಅದನ್ನು ಕಿತ್ತರೆ ಕೇಕಿಗೆ ಕುಂದಿಲ್ಲ. ನಾವಿಬ್ಬರೂ ಅದರ ಬಗ್ಗೆ ಬಾಯಿ ಬಿಟ್ಟು ಆಡಿದ್ದೇ ಇಲ್ಲ. ಈ ಡಬ್ಬಿಯ ಹಿಂದೆಯೂ ಬೇಡದ ಗುಲಾಬಿಯೊಂದನ್ನು ಕೂರಿಸಿದ್ದು ನನ್ನ ಕೈಯೇ. ಹಿಂಬದಿಯನ್ನು ಮತ್ತೆ ತಿರುಗಿ ನೋಡದೆ ಓವನ್ನಿಗಿಟ್ಟದ್ದೂ ನಾನೇ. ಅಲ್ಲಿ ಏನಾದರೂ ಕಾಣೆಯಾಗಿದ್ದರೆ ನೋಡದಿರುವುದೇ ನನ್ನ ರೂಢಿ.

ಕೋಪ ಪೂರ್ತಿ ಇಳಿಯಲಿಲ್ಲ, ಆದರೆ ಬೈಯಲು ಜಾಗ ಉಳಿಯಲಿಲ್ಲ. ಉಳಿಯಿಂದ ಆ ಗುಲಾಬಿಯನ್ನು ಎಬ್ಬಿಸಿ ತೆಗೆದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಉಳಿ ಕೈಗೆ ತೆಗೆದುಕೊಂಡೆ, ಮತ್ತೆ ಡ್ರಾಯರಿಗೇ ಹಾಕಿದೆ. ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ ಹೊರಟೆ.

ಅಂಗಡಿಯ ಯಜಮಾನಿ ಬ್ಯಾಗು ಹೆಗಲಿಗೇರಿಸಿ ನಿಂತಿದ್ದಳು. ಮುಂದಿನಿಂದ ನೋಡಿ "ಹ್ಞೂಂ" ಎಂದಳು. ತಿರುಗಿಸಿದಳು. ಕನ್ನಡಕ ಮೇಲೇರಿತು.

"ಇದೇನಿದು?"

"ನಮ್ಮನೆಯವರ ಹಲ್ಲು. ಸಕ್ಕರೆ ಹೂವು ಅಂತ ಕಚ್ಚಿದ್ರು. ನನ್ನ ಕೈ ಎಂಥದು ಅಂತ ಇದಕ್ಕಿಂತ ಒಳ್ಳೇ ಸಾಕ್ಷಿ ಬೇಕಾ ನಿಮಗೆ?"

ಅವಳು ಬ್ಯಾಗು ಕೆಳಗಿಟ್ಟಳು. ನಗತೊಡಗಿದವಳು ಗಲ್ಲಾಪೆಟ್ಟಿಗೆ ಹಿಡಿದುಕೊಳ್ಳಬೇಕಾಯಿತು.

"ಇದಕ್ಕೆಷ್ಟು?"

"ಇದು ಮಾರಾಟಕ್ಕಿಲ್ಲ. ಇಂಥ ಡಬ್ಬಿ ಬೇಕಾದಷ್ಟು ಮಾಡ್ತೀನಿ, ಕಚ್ಚಿಸಿಕೊಳ್ಳದೇ ಇರೋದು."

"ಅವು ಬರೋ ತನಕ ಇದನ್ನೇ ಕಪಾಟಲ್ಲಿಡಿ" ಎಂದು ಬೀಗದ ಕೈ ನನ್ನ ಅಂಗೈಗೆ ಹಾಕಿದಳು. "ಹಿಂಭಾಗ ಬೀದಿ ಕಡೆ ಇರ್ಲಿ."

ಹಾಗೆಯೇ ಇಟ್ಟೆ. ಮುಂದಿನ ವಾರ ಹೊಸ ಡಬ್ಬಿಗಳನ್ನು ಜೋಡಿಸುತ್ತ ಕಪಾಟಿನ ಒಳಗಡೆ ಬಗ್ಗಿದ್ದಾಗ, ಗಾಜಿನಾಚೆ ಪರಿಚಿತ ಬೂಟುಗಳು ಕಂಡವು. ಇವರ ಕೆಲಸದ ದಾರಿ ಇದಲ್ಲವೇ ಅಲ್ಲ. ನನ್ನ ಹೂವುಗಳನ್ನು ಇಷ್ಟು ವರ್ಷ ತಿಂದರೂ ಚೆನ್ನಾಗಿದೆ ಎಂದು ಒಂದು ಮಾತು ಆಡಿದವರಲ್ಲ. ಪಕ್ಕದಲ್ಲಿ ಯಾರೋ ಗುರುತಿಲ್ಲದ ಮುದುಕರು ಡಬ್ಬಿಯನ್ನು ನೋಡುತ್ತ ನಿಂತಿದ್ದರು. ಇವರು ಅವರ ಭುಜ ತಟ್ಟಿ, ತುಟಿಯನ್ನು ಬೆರಳಿನಿಂದ ಮೇಲೆತ್ತಿ ಹಲ್ಲಿನ ಸಂದು ತೋರಿಸಿದರು.

"ಅದು ನಾನೇ ಕಚ್ಚಿದ್ದು" ಎನ್ನುವುದು ಗಾಜಿನ ಈಚೆಗೂ ಕೇಳಿಸಿತು. "ಮಾಡಿದ್ದು ನನ್ನ ಹೆಂಡ್ತಿ."