ಹಸಿರು ಚುಕ್ಕೆಗಳು

ರಾತ್ರಿ ಹನ್ನೊಂದೂವರೆಗೆ ಇನ್‌ಕ್ಯುಬೇಟರ್ ‘ಟಕ್’ ಎಂದಿತು. ಒಳಗಿನ ಬಿಸಿ ಮೂವತ್ತೇಳು ಡಿಗ್ರಿ ಮುಟ್ಟಿದಾಗಲೆಲ್ಲ ಅದು ಹಾಗೆನ್ನುತ್ತದೆ. ಮೂರು ವರ್ಷದಿಂದ ಕೇಳುತ್ತಿದ್ದ ಸದ್ದಿಗೆ ಸಂಶೋಧನಾ ವಿದ್ಯಾರ್ಥಿನಿ ನಿಶ್ಮಿತಾ ಇವತ್ತು ಬೆಚ್ಚಿಬಿದ್ದಳು. ಅವಳ ಕೈಯಲ್ಲಿದ್ದ, ಬ್ಯಾಕ್ಟೀರಿಯಾ ಬೆಳೆಸುವ ಪುಟ್ಟ ತಟ್ಟೆಯಲ್ಲಿ ಏನೂ ಬೆಳೆಯಬಾರದಿತ್ತು. ಬೆಳೆದಿತ್ತು.

ಆರೋಗ್ಯವಂತರ ಕರುಳಿನ ಮಾದರಿ ಬೇಕಾದಾಗ ಲ್ಯಾಬಿನವರೇ ಸರದಿಯಂತೆ ಮಲ ಕೊಡುವುದು ಅಲ್ಲಿನ ರೂಢಿ. ಈ ತಿಂಗಳು ಅವಳ ಸರದಿ. ಮೂರು ಔಷಧ ಬೆರೆಸಿದ ತಟ್ಟೆಯ ಮೇಲೆ ಅವಳ ಹೊಟ್ಟೆಯ ಬ್ಯಾಕ್ಟೀರಿಯಾ ಸಾಯಬೇಕಿತ್ತು. ನೀಲಿ ದೀಪದಡಿ ಹಿಡಿದರೆ ಹನ್ನೆರಡು ಚುಕ್ಕೆಗಳು ಹಸಿರಾಗಿ ಹೊಳೆದವು. ಆ ಹೊಳಪು ಗುರುತಿಗೆಂದು ಲ್ಯಾಬಿನವರೇ ತಮ್ಮ ಪ್ಲಾಸ್ಮಿಡ್‌ಗೆ ಸೇರಿಸಿದ್ದು. ಅದೀಗ ಅವಳ ಹೊಟ್ಟೆಯೊಳಗಿತ್ತು.

ಪ್ಲಾಸ್ಮಿಡ್ ಎಂದರೆ ಡಿಎನ್‌ಎಯ ಸಣ್ಣ ಉಂಗುರ. ಔಷಧಕ್ಕೆ ಬಗ್ಗದ ಗುಣವನ್ನು ಹೊತ್ತು ಒಂದು ಬ್ಯಾಕ್ಟೀರಿಯಾದಿಂದ ಪಕ್ಕದ್ದಕ್ಕೆ ದಾಟುತ್ತದೆ. ಕೊಟ್ಟದ್ದರ ಬಳಿಯೂ ಉಳಿಯುತ್ತದೆ. ಲ್ಯಾಬಿನಲ್ಲಿ ಎರಡು ಬಗೆಯಿದ್ದವು. ಒಂದು ಮೈಬಿಸಿಯಲ್ಲಿ ಗಂಟೆಯೊಳಗೆ ದಾಟುವಂಥದ್ದು. ಅದನ್ನು ಮುಟ್ಟುವಾಗ ಎಲ್ಲರೂ ಉಸಿರು ಬಿಗಿಹಿಡಿಯುತ್ತಿದ್ದರು. ಇನ್ನೊಂದಕ್ಕೆ ಇಪ್ಪತ್ತೈದು ಡಿಗ್ರಿಯ ತಂಪು ಬೇಕು, ಹೊಟ್ಟೆಯೊಳಗೆ ಅದು ಹರಡುವುದು ಅಪರೂಪ ಎಂದು ಮಾರ್ಗದರ್ಶಕ ರಘುನಂದನ್ ಹೇಳಿದ್ದರು. ಆ ಧೈರ್ಯದ ಮೇಲೆ ನಿಶ್ಮಿತಾ ಎರಡನೆಯದರ ಕೆಲಸದ ನಡುವೆ ಅದೇ ಮೇಜಿನ ತುದಿಯಲ್ಲಿ ಡಬ್ಬಿ ಬಿಚ್ಚಿ, ಬರಿಗೈಯಲ್ಲಿ ಮೊಸರನ್ನ ಕಲಸಿ ಉಣ್ಣುತ್ತಿದ್ದಳು. ಚಮಚ ಅವಳಿಗೆ ಒಗ್ಗದು. ಅರ್ಧ ಉಂಡ ಡಬ್ಬಿ ಸಂಜೆ ಮುಗಿಸುವವರೆಗೂ ಅಲ್ಲೇ ಇರುತ್ತಿತ್ತು. ಎಸಿ ಇಪ್ಪತ್ತೈದರಲ್ಲಿ ಓಡುತ್ತಿತ್ತು, ಪ್ಲಾಸ್ಮಿಡ್ ದಾಟಲು ಬೇಕಾದ ತಂಪು ಡಬ್ಬಿಯ ಮೊಸರನ್ನದಲ್ಲೇ ಸಿಕ್ಕಿತ್ತು.

ತನ್ನ ಗತಿಯ ಯೋಚನೆ ಅವಳಿಗೆ ಮೊದಲು ಬರಲಿಲ್ಲ. ನೆನಪಾದದ್ದು ಕಳೆದ ಭಾನುವಾರ.

ಲಕ್ಷ್ಮೀ ನಗರದಲ್ಲಿ ಅಪ್ಪ ಜಯಾನಂದರ ಹೋಟೆಲು, ಮೇಲೇ ಮನೆ. ಅಮ್ಮ ನೀಲಾವತಿಗೆ ಕಿಡ್ನಿ ಕಸಿಯಾಗಿ ಹತ್ತು ವಾರ. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲೆಂದು ಕೊಡುವ ಮಾತ್ರೆ ರೋಗ ತಡೆಯುವ ಶಕ್ತಿಯನ್ನೇ ಕುಗ್ಗಿಸಿತ್ತು. ಅಂದು ಅಮ್ಮ ಊಟ ಬೇಡವೆಂದು ಮುಖ ತಿರುಗಿಸಿದಾಗ ನಿಶ್ಮಿತಾ ಬೋಗುಣಿಯಲ್ಲಿ ಅನ್ನ ಕಲಸಿ, ಒಂದೊಂದೇ ತುತ್ತು ಅಮ್ಮನ ಅಂಗೈಗೆ ಹಾಕಿದ್ದಳು. ತಟ್ಟೆ ಕಂಡ ರಾತ್ರಿ ಕಳೆದು ಬೆಳಿಗ್ಗೆ ಅಮ್ಮನದೇ ಫೋನು ಬಂತು. “ನಿನ್ನ ಕೈತುತ್ತು ತಿಂದ್ಮೇಲೆ ಬಾಯಿಗೆ ರುಚಿ ಬಂತು ಮಗಾ. ಈ ಭಾನುವಾರಾನೂ ಬಾ.”

ಆಸ್ಪತ್ರೆಯವರು ಪರೀಕ್ಷೆಗೆ ಕೇಳಿದ್ದಾರೆಂದು ಸುಳ್ಳು ಹೇಳಿ ಅವಳು ಅಮ್ಮನ ಮಾದರಿ ತರಿಸಿದಳು. ತಮ್ಮ ಶ್ರವಣ್ ಮೆಟ್ರೊದಲ್ಲಿ ಲ್ಯಾಬಿರುವ ಮುನಿರ್ಕಾಕ್ಕೆ ಬಂದು, ಮೂಗು ಮುಚ್ಚಿ ಚೀಲ ಚಾಚಿದ.

“ಲೇ ಅಕ್ಕಾ, ಕಸ್ಟಮರ್ ಡಬ್ಬಿ ತೆಗೆಯೋಕೇ ಹೆದರೋ ಪಾರ್ಸೆಲ್ ನಮ್ಮ ಹೋಟೆಲಿಂದ ಇದೇ ಫಸ್ಟು ನೋಡು.”

ನಗಬೇಕಿತ್ತು, ಆದರೆ ಅವಳು ಎರಡು ಹೆಜ್ಜೆ ಹಿಂದೆ ನಿಂತು, ಚೀಲ ನೆಲದ ಮೇಲಿಡು ಎಂದಳು.

ಮೂರು ದಿನ, ಅಮ್ಮನ ಮಾದರಿಯ ಮೂರು ತಟ್ಟೆ. ಪ್ರತಿ ಬೆಳಿಗ್ಗೆ ಯಾರೂ ಬರುವ ಮೊದಲೇ ಇನ್‌ಕ್ಯುಬೇಟರಿನ ಬಾಗಿಲು ತೆರೆದಳು. ಎರಡನೆಯ ದಿನ ಅಂಚಿನಲ್ಲೇನೋ ಕಂಡಿತು. ಒರೆಸಿದರೆ ನೀರಿನ ಹನಿ. ಮೂರನೆಯ ದಿನವೂ ತಟ್ಟೆ ಬರಿದಾಗಿತ್ತು. ಅವಳು ಸ್ಟೂಲಿನ ಮೇಲೆ ಕುಳಿತು ಸದ್ದಿಲ್ಲದೆ ಅತ್ತಳು.

ರಘುನಂದನ್‌ಗೆ ಹೇಳುವುದು ಧರ್ಮ. ಆದರೆ ಹೇಳಿದರೆ ಸಮಿತಿ, ವಿಚಾರಣೆ, ಮನೆಯವರ ವಿಳಾಸ. ಅಮ್ಮನ ಡಾಕ್ಟರರವರೆಗೆ ಮಾತು ಹೋಗುತ್ತದೆ. ಮಗಳು ಕೈಯಾರೆ ಕೊಟ್ಟ ಅನ್ನವನ್ನು ನೆನೆದು ಅಮ್ಮ ಇನ್ನೊಂದು ತುತ್ತೂ ಇಳಿಸಲಾರಳು. ಮೂರು ತಟ್ಟೆ ಸಾಕೇ, ನಾಲ್ಕನೆಯದರಲ್ಲಿ ಬೆಳೆದರೆ?

ಅವಳು ತನ್ನ ತಟ್ಟೆಯನ್ನು ಹಬೆಯಲ್ಲಿ ಬೇಯಿಸಿ ಬ್ಯಾಕ್ಟೀರಿಯಾವನ್ನು ಕೊಂದಳು. ದಾಖಲೆ ಪುಸ್ತಕದಲ್ಲಿ ‘ಮಾದರಿ ಕೆಟ್ಟಿದೆ’ ಎಂದು ಬರೆದಳು. ಅಮ್ಮನಿಗೆ ಫೋನು ಮಾಡಿ, ಕೆಲಸ ಬಹಳವಿದೆ, ಒಂದೆರಡು ತಿಂಗಳು ಬರಲಾಗದು ಎಂದಳು.

“ಅಷ್ಟು ಬೇಗ ಬೇಡವಾದ್ನಾ ನಾನು?” ಎಂದಳು ಅಮ್ಮ.

ನಿಶ್ಮಿತಾ ಫೋನು ಇಟ್ಟಳು. ಹಾಗೇ ತಿಳಿಯಲಿ. ನಡೆದದ್ದನ್ನು ಇನ್ನು ಯಾರಿಗೂ ಹೇಳುವುದಿಲ್ಲವೆಂದು ನಿರ್ಧರಿಸಿದಳು.