ಮೂರನೇ ಗುದ್ದಲಿ ಪೂಜೆ

ಹಿನಕಲ್‌ನ ನಮ್ಮ ಬೀದಿಗೆ ಹೊಸ ಒಳಚರಂಡಿ ಬರಲಿಲ್ಲ. ಅದರ ಶಂಕುಸ್ಥಾಪನೆಯ ಕಲ್ಲುಗಳು ಮಾತ್ರ ಎರಡು ಬಂದಿವೆ. ಎರಡೂ ಕರಿ ಗ್ರಾನೈಟ್. ಎರಡರಲ್ಲೂ ಶಾಸಕ ಚಂದ್ರಮೌಳಿಯವರ ಹೆಸರು ಅಂಗೈಯಗಲದ ಅಕ್ಷರಗಳಲ್ಲಿದೆ. ಕಾಮಗಾರಿ ಯಾವುದೆಂದು ಓದಬೇಕಾದರೆ ಬಗ್ಗಬೇಕು, ಬಗ್ಗಿದರೆ ನಾತ ಮೂಗಿಗೆ ಹೊಡೆಯುತ್ತದೆ. ಮೊದಲ ಕಲ್ಲು ಅವರು ಮೊದಲು ಗೆದ್ದ ವರ್ಷದ್ದು, ಎರಡನೆಯದು ಎರಡನೇ ಚುನಾವಣೆಗೆ ನಾಲ್ಕು ತಿಂಗಳಿದ್ದಾಗಿನದು. ಎರಡರ ನಡುವೆ, ಕೆಂಚಮ್ಮನ ಇಡ್ಲಿ ಅಂಗಡಿಯ ಬಾಗಿಲಿಗೆ ಸರಿಯಾಗಿ, ಹಳೇ ಕೊಳವೆ ಕಟ್ಟಿಕೊಂಡು ಇಡೀ ಬೀದಿಯ ಕಕ್ಕಸಿನ ನೀರು ಉಕ್ಕಿ ನಿಲ್ಲುತ್ತದೆ.

ಎರಡೂ ಸಲ ಚಪ್ಪಾಳೆ ತಟ್ಟಿದವರು ನಾವೇ. ಬಿಸಿಲಲ್ಲಿ ಪೂರ್ಣಕುಂಭ ಹಿಡಿದು ನಿಂತವರು ನಮ್ಮ ಹೆಂಗಸರೇ. ಚುನಾವಣೆಯ ಹಿಂದಿನ ದಿನ ಅವರ ಕಡೆಯವರು ಹಂಚಿದ ಕುಕ್ಕರನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಸಾಗಿಸಿದವರೂ ನಾವೇ. ಇದನ್ನು ಬಚ್ಚಿಟ್ಟು ಶಾಸಕರನ್ನಷ್ಟೇ ಉಗಿದರೆ ಅವರಿಗೂ ನಮಗೂ ಏನು ವ್ಯತ್ಯಾಸ?

ಮೂರನೇ ಪೂಜೆಯ ಸುದ್ದಿ ಬಂದದ್ದು, ಕೆಂಚಮ್ಮನಿಗೆ ನಗರಸಭೆಯ ನೋಟಿಸು ಬಂದ ಮಾರನೆಯ ದಿನ. ಅಂಗಡಿಯ ಮುಂದೆ ಮಲಿನ ನೀರು ನಿಂತಿರುವುದರಿಂದ ಸೋಮವಾರದೊಳಗೆ ಸರಿಪಡಿಸಿಕೊಳ್ಳಬೇಕು, ತಪ್ಪಿದರೆ ಅಂಗಡಿಗೆ ಬೀಗ. ಚರಂಡಿ ಕಟ್ಟದವರು ಚರಂಡಿ ಉಕ್ಕಿದ್ದಕ್ಕೆ ಇಡ್ಲಿ ಮಾಡುವವಳ ಮೇಲೆ ಕ್ರಮ ಜರುಗಿಸುತ್ತಿದ್ದರು. ಹದಿನಾರು ವರ್ಷದಿಂದ ಆ ಒಲೆಯೇ ಆ ಮನೆಯ ಅನ್ನ. ಗಂಡ ಬಸವರಾಜು ಮೈಸೂರಿನ ಅರ್ಧ ಊರಿಗೆ ಕೊಳವೆಯ ಕಾಲುವೆ ತೋಡಿ ಬೆನ್ನು ಬಾಗಿಸಿಕೊಂಡವನು. ಈಗ ಕೂತಲ್ಲೇ ಚಟ್ನಿಗೆ ಕಾಯಿ ತುರಿದು ಕೊಡುತ್ತಾನೆ.

ಗುದ್ದಲಿ ಪೂಜೆಗೆ ಪೆಂಡಾಲು, ಕುರ್ಚಿ, ಹಾರ, ಮೈಸೂರು ಪೇಟ, ಹೊಸ ಕಲ್ಲು ಎಲ್ಲವೂ ಶಾಸಕರ ಕಡೆಯಿಂದ ಬರುತ್ತವೆ. ಗುದ್ದಲಿಯೊಂದು ಬರುವುದಿಲ್ಲ. ಅದನ್ನು ಅದೇ ಬೀದಿಯ ಯಾರದಾದರೂ ಮನೆಯಿಂದ ಇಸಿದುಕೊಂಡು, ಅರಿಶಿನ ಕುಂಕುಮ ಬಳಿದು, ಮೊದಲೇ ಸಡಿಲಿಸಿಟ್ಟ ಮಣ್ಣಿಗೆ ಮೂರು ಸಲ ತಾಗಿಸಿ, ಫೋಟೊ ಆದ ಮೇಲೆ ಗೋಡೆಗೆ ಒರಗಿಸಿ ಹೋಗುವುದು ವಾಡಿಕೆ. ಎರಡು ಸಲವೂ ಕೊಟ್ಟದ್ದು ಬಸವರಾಜು.

ಗುರುವಾರ ಸಂಜೆ ಸೆಲಿನಾ ಟೀಚರ ಜಗಲಿಯಲ್ಲಿ ನಾವೆಲ್ಲ ಸೇರಿದ್ದೆವು. ಟೀಚರು ಚರ್ಚಿನ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ಮನವಿಪತ್ರ ಬರೆಯುವುದು ಅವರ ಕೆಲಸ, ಅದನ್ನು ಕಳೆದುಹಾಕುವುದು ಕಚೇರಿಯವರ ಕೆಲಸ.

"ಈ ಸಲ ಅರ್ಜಿ ಬೇಡ ಕಣಮ್ಮ," ಅಂದರು ಟೀಚರು. "ಬರೆದು ಬರೆದು ನನ್ನ ಕೈಬರಹ ಚೆನ್ನಾಯ್ತೇ ಹೊರತು ಬೀದಿ ಚೆನ್ನಾಗಲಿಲ್ಲ."

"ಅರ್ಜಿ ಬ್ಯಾಡ, ಗಲಾಟೆನೂ ಬ್ಯಾಡ," ಅಂದಳು ಕೆಂಚಮ್ಮ. "ಗುದ್ಲಿ ಕೊಡದೂ ಬ್ಯಾಡ."

ಅಷ್ಟೇ. ಅವತ್ತು ದೀಪ ಹಚ್ಚುವ ಹೊತ್ತಿಗೆ ಒಂದನ್ನು ಬಿಟ್ಟು ಬೀದಿಯ ಗುದ್ದಲಿ, ಹಾರೆ, ಸಲಿಕೆಗಳೆಲ್ಲ ಅಟ್ಟ ಸೇರಿದವು.

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಶಾಸಕರ ಬಲಗೈ ಲೋಕೇಶ್ ಬಂದ. ಬೆಟ್ಟದ ಪ್ರಸಾದ ತಂದಿದ್ದ. ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ಗುದ್ದಲಿ ನೆಲ ಮುಟ್ಟಬೇಕು. ಮೊದಲ ಮನೆಯಲ್ಲಿ ಗುದ್ದಲಿ ಊರಿಗೆ ಹೋಗಿತ್ತು, ಎರಡನೆಯದರಲ್ಲಿ ಕಾವು ಮುರಿದಿತ್ತು, ಮೂರನೆಯದರಲ್ಲಿ "ಗುದ್ಲಿ ಅಂದ್ರೆ?" ಅಂದರು. ಲೋಕೇಶ್ ಮೂಲೆಯ ಹಾರ್ಡ್‌ವೇರ್ ಅಂಗಡಿಗೆ ಓಡಿದ. ಅಂಗಡಿ ಸೆಲಿನಾ ಟೀಚರ ಮಗ ಲಿಯೋನದು.

"ಒಂದು ಗುದ್ದಲಿ ಕೊಡೋ ಬೇಗ."

"ಸ್ಟಾಕ್ ಇಲ್ಲ ಸರ್."

"ನಿನ್ ತಲೆ ಮೇಲೆ ನೇತಾಡ್ತಾ ಇರೋದೇನು ಹಂಗಾರೆ?"

"ಅವು ಶೋಗೆ ಸರ್," ಅಂದ ಲಿಯೋ. "ನಿಮ್ ಪೂಜೆ ಥರಾನೇ."

ಹತ್ತು ಗಂಟೆಗೆ ಚಂದ್ರಮೌಳಿಯವರ ಕಾರು ಬಂತು. ಇಳಿಯುವ ಮೊದಲೇ ಕೈ ಜೋಡಿಸಿದ್ದರು. ಆ ಕೈಗಳಿಗೆ ಅದೊಂದೇ ಕೆಲಸ ಅಭ್ಯಾಸ. ಪೂರ್ಣಕುಂಭ ಇರಲಿಲ್ಲ, ಆರತಿ ಇರಲಿಲ್ಲ. ನಾವು ನಮ್ಮ ನಮ್ಮ ಹೊಸ್ತಿಲಲ್ಲಿ ನಿಂತು ನೋಡಿದೆವು. ಅವರು ಪಂಚೆಯನ್ನು ಎರಡು ಬೆರಳಲ್ಲಿ ಎತ್ತಿ, ಹೊಲಸು ನೀರಲ್ಲಿಟ್ಟ ಇಟ್ಟಿಗೆಗಳ ಮೇಲೆ ಕೊಕ್ಕರೆಯಂತೆ ಹೆಜ್ಜೆಯಿಡುತ್ತ ಬಂದರು. ಎರಡು ಅವಧಿಯಲ್ಲಿ ಅವರು ಆ ನೀರನ್ನು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು. ಹಿಂದಿನ ಸಲಗಳಲ್ಲಿ ಅವರು ಬರುವ ಹಿಂದಿನ ದಿನವೇ ಟ್ಯಾಂಕರ್ ಬಂದು ಹೀರಿಕೊಂಡು ಹೋಗುತ್ತಿತ್ತು. ಈ ಸಲ ಅದನ್ನೂ ಮರೆತಿದ್ದರು.

ಕೆಂಚಮ್ಮ ಅಂಗಡಿಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತಿದ್ದಳು. ಬಸವರಾಜುವಿನ ಗುದ್ದಲಿ ಅವಳ ತೊಡೆಯ ಮೇಲಿತ್ತು. ಅದೊಂದನ್ನು ಅವಳು ಬಚ್ಚಿಡಲು ಒಪ್ಪಿರಲಿಲ್ಲ; ಲೋಕೇಶ್ ಕೇಳಿದಾಗ ಸಾಹೇಬರೇ ಬಂದು ಕೇಳಲಿ ಅಂದಿದ್ದಳು.

"ಅಲ್ಲೇ ಇದೆಯಲ್ಲಮ್ಮ, ಕೊಡಿ ತಾಯಿ," ಅಂದರು ಚಂದ್ರಮೌಳಿ. "ಒಳ್ಳೇ ಕೆಲಸಕ್ಕೆ ಹೊತ್ತು ಮೀರಬಾರದು."

"ಕೊಳ್ವೆ ಎಲ್ಲದೆ ಸೋಮಿ?"

"ಬರುತ್ತೆ. ಮೊದಲು ಪೂಜೆ ಆಗ್ಬೇಕು."

"ಪೂಜೆ ಎರಡ್ ದಪ ಆಯ್ತು. ಕೊಳ್ವೆನೇ ಬರ್ನಿಲ್ಲ."

ಶಾಸಕರು ಪಕ್ಕದ ಎಂಜಿನಿಯರ್ ಕಡೆ ನೋಡಿದರು. ಎಂಜಿನಿಯರ್ ಕೈಯಲ್ಲಿದ್ದ ಫೈಲು ನೋಡಿದ. ಫೈಲಿನೊಳಗೆ ಏನೂ ಇಲ್ಲವೆಂದು ಅವನ ಮುಖವೇ ಹೇಳಿತು.

"ಟೆಂಡರ್ ಆಗಬೇಕಮ್ಮ. ಎಸ್ಟಿಮೇಟ್ ಕಳಿಸಿದೀವಿ," ಅಂದ.

ಒಳಗಿನಿಂದ ಬಸವರಾಜು ಗೋಡೆ ಹಿಡಿದುಕೊಂಡು ಬಂದ. "ಸಾ, ನಮ್ ಬೀದಿ ತುದೀಲಿರೋ ಮ್ಯಾನ್‌ಹೋಲು ಈ ಬಾಗ್ಲಿಗಿಂತ ಒಂದಡಿ ಎತ್ತರದಲ್ಲಿ ಅದೆ. ಅದುನ್ನ ಎಷ್ಟು ಇಳುಸ್ತೀರಿ?"

"ಅದು... ಲೆವೆಲ್ ನೋಡ್ಬೇಕು."

"ಇನ್ನೂ ನೋಡಿಲ್ವಾ. ಅಲ್ಲ, ನೀರು ಅನ್ನೋದು ನಿಮ್ ಸಾಹೇಬ್ರ ಕಾರ್ಯಕರ್ತನಾ, ಏರು ಹತ್ಕಂಡು ಹಿಂದಿಂದೇ ಬರಾಕೆ?"

ಹೊಸ್ತಿಲುಗಳಲ್ಲಿ ನಗು ಹರಿಯಿತು. ಲೋಕೇಶ್ ಗಡಿಯಾರ ನೋಡಿಕೊಂಡ. ಹತ್ತು ಹದಿನೇಳು.

ಚಂದ್ರಮೌಳಿಯವರಿಗೆ ಸಿಟ್ಟು ಬರಲಿಲ್ಲ. ಅದೇ ಅವರ ವಿದ್ಯೆ. ಲೋಕೇಶ್ ಬಂದು ಕಿವಿಯಲ್ಲಿ ಏನೋ ಉಸುರಿದ ಮೇಲೆ ಅವರ ಮುಖ ಇನ್ನೂ ಮೃದುವಾಯಿತು. ದನಿ ತಗ್ಗಿಸಿದರು. ಆದರೂ ನಮಗೆಲ್ಲ ಕೇಳಿಸಿತು.

"ಅಕ್ಕ, ನಿಮಗೆ ಯಾವುದೋ ನೋಟಿಸ್ ಬಂದಿದೆಯಂತೆ. ಒಂದು ಫೋನ್ ಮಾಡ್ತೀನಿ, ಇಲ್ಲೇ, ನಿಮ್ಮ ಮುಂದೆ. ನಾನಿರೋವರೆಗೂ ನಿಮ್ಮ ಅಂಗಡಿ ತಂಟೆಗೆ ಯಾರೂ ಬರಲ್ಲ. ಗುದ್ದಲಿ ಕೊಡಿ."

ಅದು ಸುಳ್ಳು ಭರವಸೆಯಾಗಿರಲಿಲ್ಲ. ಅವರು ಫೋನ್ ಮಾಡಿದ್ದರೆ ನೋಟಿಸು ನಿಜವಾಗಿ ರದ್ದಾಗುತ್ತಿತ್ತು. ಕೊಳವೆ ಹಾಕಿಸಲು ಬಾರದ ಮನುಷ್ಯನಿಗೆ ಇಂಥದ್ದೆಲ್ಲ ಚೆನ್ನಾಗಿ ಬರುತ್ತದೆ.

ಬಸವರಾಜು ಹೆಂಡತಿಯ ಹಿಂದೆ ನಿಂತು ಮೆಲ್ಲಗೆ ಅಂದ, "ಕೆಂಚಿ, ಕೊಟ್ಬುಡು. ಈ ವಯಸ್ನಲ್ಲಿ ಇನ್ನೆಲ್ಲಿ ಒಲೆ ಹೂಡೀಯ."

ನಮ್ಮಲ್ಲಿ ಯಾರೂ ಅವಳ ಮುಖ ನೋಡಲಿಲ್ಲ. ನಿಜ ಹೇಳಬೇಕೆಂದರೆ ಅರ್ಧಕ್ಕರ್ಧ ಜನ ಅವಳು ಕೊಟ್ಟುಬಿಡಲಿ ಎಂದೇ ಕಾಯುತ್ತಿದ್ದೆವು. ಅವಳು ಬಾಗಿದರೆ ನಾಳೆ ನಾವು ಬಾಗುವುದಕ್ಕೆ ನೆಪ ಸಿಗುತ್ತಿತ್ತು. ಕುಕ್ಕರಿನ ನೆನಪು ಅಷ್ಟು ಬೇಗ ತಣಿಯುವುದಿಲ್ಲ.

ಕೆಂಚಮ್ಮ ಗುದ್ದಲಿಯ ಕಾವನ್ನೊಮ್ಮೆ ಸವರಿದಳು. ಆಮೇಲೆ ಕೇಳಿದಳು, "ನೀವು ಫೋನ್ ಮಾಡುದ್ರೆ ನೋಟೀಸು ಹೋಯ್ತದೆ. ಸರಿ. ಬಾಗ್ಲಲ್ಲಿರೋ ಹೇಲು ಹೋಯ್ತದಾ?"

"ಅದು ಹಂತ ಹಂತವಾಗಿ..."

"ನೆನ್ನೆಗಂಟ ಗಲೀಜಾಗಿದ್ ನೀರು ನೀವು ಫೋನ್ ಮಾಡ್ದೇಟ್ಗೆ ತೀರ್ಥ ಆಗೋಯ್ತದೆ ಅನ್ನಿ. ನನ್ ಗಿರಾಕಿಗೆ ಬೇದಿ ಹತ್ತುದ್ರೆ ಏನ್ ಯೋಳ್ಲಿ? ಎಮ್ಮೆಲ್ಯೆ ಸಾಹೇಬ್ರ ಪರ್ಮಿಸನ್ ಅದೆ, ತಿನ್ನಪ್ಪ ಅನ್ಲಾ?"

ಚಂದ್ರಮೌಳಿ ಪಂಚೆಯನ್ನು ಇನ್ನಷ್ಟು ಮೇಲಕ್ಕೆತ್ತಿಕೊಂಡರು.

"ಕೊಳ್ವೆ ತನ್ನಿ, ಮಿಷಿನ್ ತನ್ನಿ, ತೋಡ್ಸಿ," ಅಂದಳು ಕೆಂಚಮ್ಮ. "ನೀರು ಹರುದ್ ದಿನ ನಾನೇ ಕುಂಕ್ಮ ಇಟ್ಟು ಕೊಡ್ತೀನಿ, ಪಟ ತೆಗಿಸ್ಕಳಿ. ಅಲ್ಲೀಗಂಟ ಈ ಗುದ್ಲಿ ನಿಮ್ ಕೈಗೆ ಬರಾಕಿಲ್ಲ."

"ಸಾರ್, ಹತ್ತೂ ಇಪ್ಪತ್ತೊಂಬತ್ತು," ಅಂದ ಲೋಕೇಶ್.

ಹತ್ತೂವರೆ ಆಯಿತು. ಓಟು ಹಾಕಿದವರಿಗೆ ಎಂದೂ ಹೆದರದ ಮನುಷ್ಯ ರಾಹುವಿಗೆ ಹೆದರಿ ಇಟ್ಟಿಗೆಗಳ ಮೇಲೆ ವಾಪಸು ಕುಪ್ಪಳಿಸಿದ. ಮೂರನೇ ಕಲ್ಲು ತಾನು ಬಂದ ಆಟೋದಿಂದ ಇಳಿಯಲೇ ಇಲ್ಲ. ಹೋಗುವ ಮುಂಚೆ ಲೋಕೇಶ್ ಅಂಗಡಿಯ ಬಳಿ ನಿಂತು, "ಸೋಮವಾರ ನೋಡ್ಕೊಳಮ್ಮ," ಅಂದ.

ಮಾತಿಗೆ ತಪ್ಪಲಿಲ್ಲ. ಆ ಪಕ್ಷದಿಂದ ನಮ್ಮ ಬೀದಿಗೆ ಹೊತ್ತಿಗೆ ಸರಿಯಾಗಿ ನೆರವೇರಿದ ಆಶ್ವಾಸನೆ ಅದೊಂದೇ. ಸೋಮವಾರ ಹನ್ನೊಂದಕ್ಕೆ ಅಂಗಡಿಗೆ ಬೀಗ ಬಿತ್ತು, ಬೀಗಕ್ಕೆ ಅರಗಿನ ಮುದ್ರೆ ಬಿತ್ತು. ಬಂದವರು ಮೂಗಿಗೆ ಕರ್ಚೀಪು ಕಟ್ಟಿಕೊಂಡೇ ಬೀಗ ಹಾಕಿದರು. ಬಸವರಾಜು ಎದುರಿನ ಕಟ್ಟೆಯಲ್ಲಿ ಕೂತು ನೋಡಿದ. ಕೆಂಚಮ್ಮ ಹಿಂದಿನ ದಿನವೇ ಒಲೆ, ಇಡ್ಲಿ ಪಾತ್ರೆ, ತಟ್ಟೆಗಳನ್ನು ಟೀಚರ ಮನೆಗೆ ಸಾಗಿಸಿದ್ದಳು. ಸೋಮವಾರ ರಾತ್ರಿಗೆ ಹಿಟ್ಟು ರುಬ್ಬಿಟ್ಟಳು. ಎಲ್ಲಿಗೆ ಎಂದು ನಾವು ಕೇಳಿದ್ದಕ್ಕೆ, "ಗಲೀಜಿಲ್ಲದ ಜಾಗ್ದಲ್ಲಿ ಮಾಡು ಅಂತ ನೋಟೀಸ್ನಲ್ಲಿ ಅವ್ರೇ ಬರ್ದವ್ರಲ್ಲ," ಅಂದಳು.

ಮಂಗಳವಾರ ಬೆಳಿಗ್ಗೆ ಆರೂವರೆಗೆ ಲಿಯೋನ ಗೂಡ್ಸ್ ಆಟೋ ರಿಂಗ್ ರೋಡ್ ದಾಟಿ ಶಾಸಕರ ಮನೆಯಿರುವ ಬಡಾವಣೆಗೆ ಹೋಯಿತು. ಅಲ್ಲಿ ಎರಡು ಬದಿಗೂ ಚಪ್ಪಡಿ ಮುಚ್ಚಿದ ಚರಂಡಿ, ಹೊಂಗೆ ಮರದ ನೆರಳು, ಮೂಗಿಗೆ ಮಲ್ಲಿಗೆ ಬಿಟ್ಟು ಬೇರೆ ವಾಸನೆ ಇಲ್ಲ. ಹತ್ತು ವರ್ಷ ಚರಂಡಿ ಕಟ್ಟಿಸಲು ದುಡ್ಡಿಲ್ಲವೆಂದು ನಾವು ಕೇಳುತ್ತ ಬಂದದ್ದು ಇದನ್ನು ಕಟ್ಟಿಸಿದ ಸರ್ಕಾರದಿಂದಲೇ ಎಂದು ನಂಬುವುದು ಕಷ್ಟವಾಯಿತು. ಗೇಟಿನ ಎದುರು ಕೆಂಚಮ್ಮ ಒಲೆ ಹೂಡಿದಳು. ಬಸವರಾಜು ಮರಕ್ಕೆ ಒರಗಿ ಕೂತು ಕಾಯಿ ತುರಿಯತೊಡಗಿದ. ನಾವು ಕೆಲವರು ಬಸ್ಸಲ್ಲಿ, ಕೆಲವರು ಸ್ಕೂಟರಲ್ಲಿ ಹೋದೆವು. ಏಳೂವರೆಗೆ ಎಪ್ಪತ್ತು ಜನ ಇದ್ದೆವು. ಪಕ್ಕದ ಬಂಗಲೆಗಳಿಂದ ವಾಕಿಂಗ್ ಹೊರಟವರೂ ಸಾಲಲ್ಲಿ ನಿಂತು ತಟ್ಟೆ ಹಿಡಿದರು.

ಲೋಕೇಶ್ ಓಡಿಬಂದ. "ಏನಮ್ಮ ಇದು? ಎಷ್ಟು ದಿನ ಹಿಂಗೆ?"

"ಅದುನ್ನ ನಿಮ್ ಎಂಜಿನಿಯರ್ನ ಕೇಳಪ್ಪ," ಅಂದಳು. "ಅವ್ರಿಗೆ ಲೆವೆಲ್ ಸಿಗೋಗಂಟ."

ಎಂಟಕ್ಕೆ ಗೇಟು ತೆರೆಯಿತು. ಕಾರು ಮೂತಿ ಹೊರಗಿಟ್ಟು ನಿಂತಿತು. ಚಂದ್ರಮೌಳಿ ಇಳಿದರು, ಅಭ್ಯಾಸದಂತೆ ಎರಡೂ ಕೈ ಎತ್ತಿ ಜೋಡಿಸಿ, ಎಡದಿಂದ ಬಲಕ್ಕೆ ಎಲ್ಲರಿಗೂ ನಗುನಗುತ್ತ ನಮಸ್ಕಾರ ಹಂಚಿದರು. ತಿರುಗಿ ಯಾರೂ ಕೈ ಮುಗಿಯಲಿಲ್ಲ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಚಟ್ನಿ. ಅವರ ಕೈಗಳು ಗಾಳಿಯಲ್ಲಿ ಹಾಗೇ ಉಳಿದವು, ಇಳಿಸುವುದು ಹೇಗೆಂದು ತಿಳಿಯದೆ.

ಕೆಂಚಮ್ಮ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದಳು. ಆವಿಯೊಳಗಿಂದ ತಲೆ ಎತ್ತದೆ ಅಂದಳು:

"ಹಿಂದಕ್ಕೋಗಿ ನಿಂತ್ಕಳಿ ಸೋಮಿ. ಸಾಲು ಅದೆ."